ಉಪ್ಪಿನ ಋಣವೂ ಹೆಸರಿನ ಇಡುಗಂಟೂ

ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವದು. ಒಬ್ಬನ ಉಪ್ಪನ್ನು ತಿಂದು ಅವನ ಮನೆಯ ಗುಟ್ಟನ್ನು ಬೀದಿಗೆ ಹಾಕುವವನನ್ನು ಯಾರೂ ಮೆಚ್ಚರು. ಅಂಥವನಿಗೆ ಹೆಣ್ಣು ಕೊಡುವದಕ್ಕೂ ಜನರು ಹಿಂದೆಮುಂದೆ ನೋಡುವರು. ಈ ಮಾತು ಒಳ್ಳೆಯದೇ. ನಂಬಿಗಸ್ತಿಕೆ ಇಲ್ಲದಿದ್ದರೆ ಒಂದು ಮನೆಯೂ ನಿಲ್ಲದು, ಒಂದು ಅಂಗಡಿಯೂ ನಡೆಯದು. ಆದರೆ ಒಳ್ಳೆಯ ಮಾತನ್ನು ಸಲ್ಲದ ಸ್ಥಳದಲ್ಲಿ ಆಡಿದರೆ ಅದು ಕೆಟ್ಟ ಕೆಲಸಕ್ಕೆ ಆಳಾಗುವದುಂಟು. ಸರಕಾರದ ಕಚೇರಿಯಲ್ಲಿರುವ ಒಬ್ಬ ಗುಮಾಸ್ತನು, ತನ್ನ ಮೇಲಧಿಕಾರಿಯು ಬಡವರ ಪಾಲಿನ ಅಕ್ಕಿಯನ್ನು ವರ್ತಕರಿಗೆ ಮಾರಿಕೊಳ್ಳುತ್ತಿರುವದನ್ನು ಕಂಡು, ಅದನ್ನು ತಿಳಿಸತಕ್ಕವರಿಗೆ ತಿಳಿಸಿದನೆಂದು ಇಟ್ಟುಕೊಳ್ಳೋಣ. ಮರುದಿವಸ ಅವನ ಜೊತೆಯವರು ಅವನನ್ನು ಹಳಿಯುವದು ಈ ಗಾದೆಯಿಂದಲೇ. ಹಾಗೆ ಹಳಿಯುವದು ನ್ಯಾಯವೋ? ನ್ಯಾಯವಲ್ಲವಾದರೆ ಅಂಥ ಮನುಷ್ಯನಿಗೆ ಅವನಿಂದ ಲಾಭ ಹೊಂದಿದ ನಾವು ಏನನ್ನು ತೀರಿಸತಕ್ಕವರಾಗಿದ್ದೇವೆ? ಈ ಎರಡು ಪ್ರಶ್ನೆಗಳನ್ನು ಪ್ರಿಯ ವಾಚಕರ ಸಂಗಡ ಕೂತು ವಿಚಾರಿಸಬೇಕೆಂದಿದ್ದೇನೆ.

ಮೊದಲು ಉಪ್ಪಿನ ಮಾತನ್ನೇ ನೋಡೋಣ. ಆ ಗುಮಾಸ್ತನು ತಿಂದ ಉಪ್ಪು ಯಾರದು? ಅವನ ಸಂಬಳವು ಮೇಲಧಿಕಾರಿಯ ಮನೆಯ ಪೆಟ್ಟಿಗೆಯಿಂದ ಬರುವದಿಲ್ಲ. ಕೂಲಿಯವಳು ಸಂತೆಯಲ್ಲಿ ಒಂದು ಸಾಬೂನು ಕೊಂಡರೆ ಅದರ ಕ್ರಯದಲ್ಲಿಯೇ ತೆರಿಗೆಯೂ ಸೇರಿರುವದು. ತಾನು ತೆರಿಗೆ ತೆತ್ತೆನೆಂದು ಅವಳಿಗೆ ತಿಳಿಯದಿದ್ದರೂ ತೆತ್ತದ್ದು ಸುಳ್ಳಲ್ಲ. ಹೀಗೆ ಹನಿಹನಿಯಾಗಿ ಕೂಡಿದ ಹಣದಿಂದಲೇ ಗುಮಾಸ್ತನೂ ಅವನ ಮೇಲಧಿಕಾರಿಯೂ ಅವರೆಲ್ಲರ ಮೇಲಿರುವ ಮಂತ್ರಿಯೂ ಉಣ್ಣುತ್ತಾರೆ. ಆದದರಿಂದ ಆ ಮನೆಯ ಯಜಮಾನಿ ಕೂಲಿಯವಳೇ ಹೊರತು ಮೇಲಧಿಕಾರಿಯಲ್ಲ. ಅವನು ಅದೇ ಪಂಕ್ತಿಯಲ್ಲಿ, ಸ್ವಲ್ಪ ಮುಂದಿನ ಎಲೆಗೆ ಕೂತಿರುವ ಇನ್ನೊಬ್ಬ ಆಳು. ಒಬ್ಬ ಆಳು ಕಣಜವನ್ನು ಕೊರೆಯುತ್ತಿರುವಾಗ ಇನ್ನೊಬ್ಬ ಆಳು ಯಜಮಾನಿಗೆ ತಿಳಿಸಿದರೆ ಉಂಡ ಮನೆಗೆ ಎರಡು ಬಗೆದವನು ಯಾರು? ತಿಳಿಸಿದವನೋ, ಕಂಡೂ ಬಾಯಿ ಮುಚ್ಚಿಕೊಂಡವನೋ? ಬೇಲಿಯೇ ಎದ್ದು ಹೊಲ ಮೇಯುವ ಕಾಲದಲ್ಲಿ ಬೇಲಿಯ ಒಂದು ಮುಳ್ಳಾದರೂ ಹೊಲದವನ ಪಕ್ಷದಲ್ಲಿ ನಿಂತರೆ ಆ ಮುಳ್ಳಿಗೆ ದ್ರೋಹಿಯೆಂಬ ಹೆಸರು ಸಲ್ಲದು.

ಇದು ಚಾಡಿಯಲ್ಲವೋ ಎಂದು ಯಾರಾದರೂ ಕೇಳಬಹುದು. ಚಾಡಿ ಬೇರೆ, ಇದು ಬೇರೆ. ಚಾಡಿಕೋರನು ತನಗೇನೂ ನಷ್ಟವಾಗದ ಸಮಯವನ್ನು ನೋಡಿ, ಕೇಳುವವನ ಕಿವಿಗೆ ಇಂಪಾಗುವದನ್ನು ಹೇಳಿ, ಅದರಿಂದ ತನಗೊಂದು ಉಪಕಾರವನ್ನು ಎದುರುನೋಡುತ್ತಾನೆ. ಕಚೇರಿಯ ಕಳವನ್ನು ತಿಳಿಸುವವನಾದರೋ ಕೇಳುವವರಿಗೆ ಕಹಿಯಾದದ್ದನ್ನು ಹೇಳುತ್ತಾನೆ, ಮತ್ತು ಅದರ ಬೆಲೆಯನ್ನು ತಾನೇ ತೆರುತ್ತಾನೆ. ಇಂಗ್ಲಿಷಿನಲ್ಲಿ ಅಂಥವನಿಗೆ ಸೀಟಿ ಊದುವವನೆಂಬ ಅರ್ಥ ಬರುವ ಹೆಸರುಂಟು. ನಮ್ಮ ವರ್ತಮಾನಪತ್ರಗಳೂ ವಿಷಲ್ ಬ್ಲೋವರ್ ಎಂದೇ ಅಚ್ಚುಹಾಕುತ್ತವೆ. ನಮ್ಮ ಹಳೆಯ ಊರುಗಳಲ್ಲಿ ರಾತ್ರಿ ಗಸ್ತು ತಿರುಗುವ ತಳವಾರನು ಬಣವೆಗೆ ಬೆಂಕಿ ಬಿದ್ದದ್ದನ್ನು ಕಂಡು ಕೂಗಿದರೆ ಜನರು ಕೊಡ ಹಿಡಿದು ಓಡುತ್ತಿದ್ದರೇ ಹೊರತು, ನಿದ್ದೆ ಕೆಡಿಸಿದೆಯೆಂದು ತಳವಾರನನ್ನು ಹೊಡೆಯುತ್ತಿರಲಿಲ್ಲ. ಕಚೇರಿಗಳಲ್ಲಿ ಮಾತ್ರ ಇದು ತಲೆಕೆಳಗಾಗಿದೆ. ಒಂದು ದೂರು ಬಂದ ಕೂಡಲೆ ಅಲ್ಲಿ ಹುಟ್ಟುವ ಮೊದಲನೆಯ ಪ್ರಶ್ನೆ, ಈ ಸಂಗತಿ ನಿಜವೋ ಎಂಬದಲ್ಲ; ಇದನ್ನು ಹೇಳಿದವನು ಯಾರು ಎಂಬದೇ. ಈ ಎರಡು ಪ್ರಶ್ನೆಗಳಲ್ಲಿ ಯಾವದು ಮೊದಲು ಬರುವದೆಂಬದನ್ನು ನೋಡಿದರೆ ಆ ಕಚೇರಿಯ ಗುಣವನ್ನು ತಿಳಿಯಬಹುದೆಂದು ನಾನು ಎಣಿಸುತ್ತೇನೆ.

ಈ ಮೊದಲನೆಯ ಪ್ರಶ್ನೆಯಿಂದ ಏನಾಗುವದೆಂಬದಕ್ಕೆ ನಮ್ಮ ದೇಶದಲ್ಲಿಯೇ ನಡೆದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಬಿಹಾರದ ಸೀವಾನ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಕಾನ್ಪುರದ ಐ.ಐ.ಟಿ.ಯಲ್ಲಿ ಇಂಜಿನಿಯರಿಂಗ್ ಕಲಿತ ಸತ್ಯೇಂದ್ರ ದುಬೆ ಎಂಬ ಯೌವನಸ್ಥರು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೆಲಸದಲ್ಲಿದ್ದರು. ದಿಲ್ಲಿ, ಮುಂಬಯಿ, ಚೆನ್ನೈ, ಕಲ್ಕತ್ತಾ ಎಂಬ ನಾಲ್ಕು ಮಹಾನಗರಗಳನ್ನು ಕೂಡಿಸುವ ಸುವರ್ಣ ಚತುಷ್ಪಥ ರಸ್ತೆಯು ಆಗ ನಿರ್ಮಾಣವಾಗುತ್ತಿತ್ತು. ದೊಡ್ಡ ಗುತ್ತಿಗೆದಾರರು ಹಣವನ್ನು ಮುಂಗಡವಾಗಿ ಪಡೆದು, ಕೆಲಸವನ್ನು ಅದಕ್ಕೆ ಶಕ್ತಿಯಿಲ್ಲದ ಚಿಕ್ಕ ಗುತ್ತಿಗೆದಾರರಿಗೆ ಒಳಗುತ್ತಿಗೆಯಾಗಿ ವಹಿಸುತ್ತಿರುವದನ್ನೂ, ಇದರಿಂದ ರಸ್ತೆಯ ಕೆಲಸವು ಕೆಡುತ್ತಿರುವದನ್ನೂ ದುಬೆಯವರು ಕಂಡರು. 2002ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಅವರು ಪ್ರಧಾನಮಂತ್ರಿಗಳ ಕಚೇರಿಗೆ ಒಂದು ಪತ್ರವನ್ನು ಬರೆದರು. ಆ ಪತ್ರಕ್ಕೆ ಹೆಸರು ಹಾಕಬೇಕೋ ಬಾರದೋ ಎಂಬ ವಿಚಾರವು ಅವರ ಮನಸ್ಸಿನಲ್ಲಿ ಬಂದಿತ್ತು. ಹೆಸರಿಲ್ಲದ ಪತ್ರವನ್ನು ಯಾರೂ ಲಕ್ಷ್ಯಕ್ಕೆ ತಾರರು. ಹೆಸರುಳ್ಳ ಪತ್ರವು ಕೈಯಿಂದ ಕೈಗೆ ಹೋದರೆ ಬರೆದವನಿಗೆ ಅಪಾಯ. ಆದಕಾರಣ ಅವರು ತಮ್ಮ ಹೆಸರು ಮುಂತಾದ ವಿವರವನ್ನು ಬೇರೊಂದು ಹಾಳೆಯಲ್ಲಿ ಬರೆದು, ಅದನ್ನು ಗುಪ್ತವಾಗಿಡಬೇಕೆಂದು ಬೇಡಿಕೊಂಡರು.

ಆ ಬೇಡಿಕೆ ನಡೆಯಲಿಲ್ಲ. ಪತ್ರವು ಹೆಸರಿನ ಸಮೇತವಾಗಿಯೇ ಇಲಾಖೆಗೂ, ಇಲಾಖೆಯಿಂದ ಅವರು ಯಾವ ಸಂಸ್ಥೆಯ ವಿಷಯವಾಗಿ ಬರೆದಿದ್ದರೋ ಆ ಸಂಸ್ಥೆಗೇ ಹೋಯಿತು. ಒಂದು ವರುಷವಾದ ಮೇಲೆ, 2003ನೆಯ ನವೆಂಬರ್ 27ರಂದು ಮುಂಜಾನೆ, ಒಂದು ಮದುವೆಗೆ ಹೋಗಿ ಗಯಾ ಪಟ್ಟಣಕ್ಕೆ ಹಿಂದಿರುಗಿ, ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಮನೆಗೆ ಹೋಗುತ್ತಿದ್ದ ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ ಆಗ ಮೂವತ್ತು ವರುಷ.

ಈ ಸ್ಥಳದಲ್ಲಿ ಒಂದು ಸಂಗತಿಯನ್ನು ಮರೆಮಾಡದೆ ಹೇಳತಕ್ಕದ್ದು. ಸಿ.ಬಿ.ಐ.ಯವರು ವಿಚಾರಣೆ ಮಾಡಿ, ಇದು ದಾರಿಗಳ್ಳರ ಕೃತ್ಯವೆಂದು ನ್ಯಾಯಸ್ಥಾನದ ಮುಂದೆ ಹೇಳಿದರು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ದುಬೆಯವರ ಮನೆಯವರಿಗೆ ಇದರಿಂದ ಸಮಾಧಾನವಾಗಲಿಲ್ಲ. ಕೊಲೆಗೂ ಪತ್ರಕ್ಕೂ ಸಂಬಂಧವಿಲ್ಲವೆಂದ ಮೇಲೆ ಈ ದೃಷ್ಟಾಂತವು ಬಿದ್ದುಹೋಗಲಿಲ್ಲವೋ ಎಂದು ಸೂಕ್ಷ್ಮಬುದ್ಧಿಯವನೊಬ್ಬನು ಕೇಳಾನು. ಇಲ್ಲ, ಬಿದ್ದುಹೋಗಲಿಲ್ಲ, ಅದು ಮತ್ತಷ್ಟು ಸ್ಪಷ್ಟವಾಯಿತು. ನಿಮ್ಮ ನೆರೆಯವನು ದೂರದ ಪ್ರಯಾಣಕ್ಕೆ ಹೊರಡುವಾಗ ತನ್ನ ಚಿನ್ನದ ಗಂಟನ್ನು ನಿಮ್ಮ ಕೈಯಲ್ಲಿ ಇಡುಗಂಟಾಗಿ ಇಟ್ಟು ಹೋದನೆನ್ನಿರಿ. ನೀವು ಅದನ್ನು ಬಾಗಿಲು ತೆರೆದ ಚಾವಡಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿರಿ. ಯಾವ ಕಳ್ಳನೂ ಅದನ್ನು ಮುಟ್ಟದೆ ಹೋದರೂ ನೀವು ನೆರೆಯವನಿಗೆ ಮಾಡಿದ್ದು ತಪ್ಪೇ. ಹಾಗೆಯೇ ದುಬೆಯವರ ಹೆಸರು ಸರಕಾರದ ಕೈಯಲ್ಲಿ ಒಂದು ಇಡುಗಂಟಾಗಿತ್ತು. ಅದನ್ನು ಬಯಲಿಗೆ ಇಟ್ಟ ದಿವಸವೇ ತಪ್ಪು ಪೂರ್ಣವಾಯಿತು. ಅವರು ಎಂಬತ್ತು ವರುಷ ಬದುಕಿ ಹಾಸಿಗೆಯ ಮೇಲೆ ತೀರಿಕೊಂಡಿದ್ದರೂ ಅದು ತಪ್ಪಾಗಿಯೇ ಇರುತ್ತಿತ್ತು. ನಾವು ಸಾಮಾನ್ಯವಾಗಿ ರಕ್ತವನ್ನು ಕಂಡ ಮೇಲೆಯೇ ಅನ್ಯಾಯವಾಯಿತೆಂದು ಒಪ್ಪುತ್ತೇವೆ. ಆದರೆ ಕಾಪಾಡುತ್ತೇನೆಂಬ ನಂಬಿಕೆಯ ಮೇಲೆ ಹೆಸರನ್ನು ತೆಗೆದುಕೊಂಡು ಕಾಪಾಡದೆ ಇರುವದೇ, ಮುಂದಿನದು ಏನಾದರೂ ಆಗಲಿ ಆಗದೆ ಹೋಗಲಿ, ಸ್ವತಃ ಒಂದು ಅನ್ಯಾಯ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವದು ಇದನ್ನೇ. ಹೆಸರನ್ನು ಕೇಳಿದವನ ಮೇಲೆ ಅದನ್ನು ಕಾಯುವ ಋಣವೂ ಬರುತ್ತದೆ. ಮತ್ತು ಈ ಋಣವು ದಯೆಯ ಮಾತಲ್ಲ, ಸಾಲದ ಮಾತು.

ಹೆಸರಿನ ಗುಟ್ಟು ಎಲ್ಲರಿಗೂ ಸಾಧ್ಯವಾಗುವದಿಲ್ಲ. ಕೆಲವರ ಕೆಲಸವೇ ಬಹಿರಂಗವಾಗಿ ನಿಂತು ತಪ್ಪನ್ನು ಹಿಡಿಯುವದಾಗಿರುವದು. ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿಯೂ ಆಮೇಲೆ ಲಖನೌದಲ್ಲಿಯೂ ಕಲಿತ ಮಂಜುನಾಥ ಷಣ್ಮುಗಂ ಎಂಬವರು ಇಂಡಿಯನ್ ಆಯಿಲ್ ಎಂಬ ಸರಕಾರೀ ಕಂಪನಿಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದರು. ಎಣ್ಣೆಯ ಪಂಪುಗಳನ್ನು ಪರೀಕ್ಷಿಸುವದು ಅವರ ಕರ್ತವ್ಯದೊಳಗಿತ್ತು. ಆ ಕಾಲದಲ್ಲಿ ಬಡವರ ದೀಪಕ್ಕೂ ಒಲೆಗೂ ಎಂದು ಕಡಿಮೆ ಬೆಲೆಗೆ ಕೊಡುತ್ತಿದ್ದ ಸೀಮೆ ಎಣ್ಣೆಯನ್ನು ಕದ್ದು ಡೀಸೆಲಿಗೆ ಬೆರಸಿ ಮಾರುವದು ಅನೇಕ ಕಡೆಗಳಲ್ಲಿ ದೊಡ್ಡ ಲಾಭದ ದಂಧೆಯಾಗಿತ್ತು. ಕಲಬೆರಕೆ ಮಾಡುತ್ತಿದ್ದ ಒಂದು ಪಂಪಿಗೆ ಮಂಜುನಾಥರು ಮೊಹರು ಹಾಕಿಸಿದರು. ಅದು ಮತ್ತೆ ತೆರೆದ ಮೇಲೆ ಮತ್ತೆ ಪರೀಕ್ಷೆಗೆ ಹೋದರು. 2005ನೆಯ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ 27 ವರುಷ ಮಾತ್ರ. ಈ ಸಾರಿ ಕೊಲೆಗೆ ಕಾರಣವು ಅವರ ಕೆಲಸವೇ ಎಂಬದರಲ್ಲಿ ನ್ಯಾಯಸ್ಥಾನಗಳಿಗೆ ಸಂದೇಹವಿರಲಿಲ್ಲ. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿಯಿತು.

ದುಬೆಯವರ ಹೆಸರಿನಲ್ಲಿ ಕಾನ್ಪುರದ ವಿದ್ಯಾಲಯವು ಒಂದು ಪ್ರಶಸ್ತಿಯನ್ನು ಸ್ಥಾಪಿಸಿತು. ಮಂಜುನಾಥರ ಸ್ನೇಹಿತರು ಅವರ ಹೆಸರಿನಲ್ಲಿ ಒಂದು ಧರ್ಮಸಂಸ್ಥೆಯನ್ನು ನಿಲ್ಲಿಸಿದರು. 2014ರಲ್ಲಿ ಅವರ ಚರಿತ್ರೆಯು ಹಿಂದೀ ಚಲಚ್ಚಿತ್ರವಾಗಿಯೂ ಬಂತು. ಇವೆಲ್ಲಾ ಯೋಗ್ಯವಾದವುಗಳೇ. ಆದರೆ ಸತ್ತವನ ಪಟಕ್ಕೆ ಹೂವು ಹಾಕುವದರಲ್ಲಿ ನಾವು ಬಹು ಚುರುಕಾಗಿದ್ದೇವೆಂಬದನ್ನು ಹೇಳದೆ ಇರಲಾರೆ. ಹೂವಿಗೆ ಹಣ ಹೆಚ್ಚು ಬೇಡ, ಅದರಿಂದ ಯಾವ ಅಧಿಕಾರಸ್ಥನಿಗೂ ಬೇಸರವಿಲ್ಲ. ಬದುಕಿರುವವನ ಪಕ್ಕದಲ್ಲಿ ನಿಲ್ಲುವದೇ ಕಷ್ಟ.

ಬದುಕಿರುವಾಗಲೇ ನಿಂತ ಒಂದು ಸರಕಾರದ ಮಾತನ್ನು ಕೇಳಿರಿ. ಇದು ಹಳೆಯ ಕಥೆ, ಬಹು ದೂರದ ದೇಶದ್ದು. ಅಮೆರಿಕದವರು ಬ್ರಿಟಿಷರ ಆಳಿಕೆಯಿಂದ ಬಿಡಿಸಿಕೊಳ್ಳುವದಕ್ಕಾಗಿ ಯುದ್ಧ ಮಾಡುತ್ತಿದ್ದಾಗ, ಅವರ ವಾರನ್ ಎಂಬ ಯುದ್ಧನೌಕೆಯಲ್ಲಿದ್ದ ಹತ್ತು ಮಂದಿ 1777ರಲ್ಲಿ ತಮ್ಮ ನೌಕಾಸೈನ್ಯದ ಮುಖ್ಯಸ್ಥನಾದ ಈಸೆಕ್ ಹಾಪ್ಕಿನ್ಸನ ಮೇಲೆ ದೂರು ಬರೆದರು. ಅವನು ಸೆರೆಹಿಡಿದ ಶತ್ರುಗಳನ್ನು ಕ್ರೂರವಾಗಿ ನಡಿಸುತ್ತಾನೆಂಬದು ಆ ದೂರುಗಳಲ್ಲಿ ಒಂದು. ಸ್ವಂತ ಜನರ ಮೇಲೆ, ಅದೂ ಯುದ್ಧಕಾಲದಲ್ಲಿ, ಅದೂ ಶತ್ರುಗಳ ಪಕ್ಷವಾಗಿ ಮಾತಾಡಿದ್ದರು! ಅವರನ್ನು ದ್ರೋಹಿಗಳೆಂದು ಕರೆಯುವದಕ್ಕೆ ಇದಕ್ಕಿಂತ ಅನುಕೂಲವಾದ ಸಮಯ ಯಾವದು? ಆದರೂ ಆ ದೇಶದ ಕಾಂಗ್ರೆಸ್ ಸಭೆಯು ಹಾಪ್ಕಿನ್ಸನನ್ನು ಕೆಲಸದಿಂದ ತೆಗೆಯಿತು. ಅವನು ಸಿಟ್ಟಿನಿಂದ ಆ ಹತ್ತು ಮಂದಿಯ ಮೇಲೆ ಮಾನನಷ್ಟದ ವ್ಯಾಜ್ಯ ಹೂಡಿದನು. ಸ್ಯಾಮ್ಯುವೆಲ್ ಶಾ, ರಿಚರ್ಡ್ ಮಾರ್ವನ್ ಎಂಬ ಇಬ್ಬರು ಸೆರೆಮನೆಗೆ ಬಿದ್ದರು. ಅವರು ಕಾಂಗ್ರೆಸ್ಸಿಗೆ ಮೊರೆಯಿಟ್ಟರು. 1778ನೆಯ ಜುಲೈ 30ರಂದು ಆ ಸಭೆಯು ಒಂದು ನಿರ್ಣಯವನ್ನು ಮಾಡಿತು. ದೇಶದ ಸೇವೆಯಲ್ಲಿರುವ ಯಾವನಾದರೂ ಅಧಿಕಾರಿಗಳ ದುರ್ನಡತೆಯನ್ನು ಕಂಡರೆ ಬೇಗನೆ ತಿಳಿಸುವದು ಅವನ ಕರ್ತವ್ಯವೆಂಬದು ಅದರ ಭಾವ. ಮಾತಿನಲ್ಲಿಯೇ ನಿಲ್ಲದೆ, ಆ ಇಬ್ಬರ ವ್ಯಾಜ್ಯದ ಖರ್ಚನ್ನು ತಾನು ಕೊಡುವದಾಗಿಯೂ, ಅವರ ಪಕ್ಷಕ್ಕೆ ಬೇಕಾದ ಸರಕಾರೀ ಕಾಗದಗಳ ಪ್ರತಿಗಳನ್ನು ಒದಗಿಸುವದಾಗಿಯೂ ಒಪ್ಪಿತು. ಬೊಕ್ಕಸದಲ್ಲಿ ಹಣವಿಲ್ಲದೆ ಸಿಪಾಯಿಗಳ ಕಾಲಿಗೆ ಜೋಡು ಒದಗಿಸುವದೇ ಕಷ್ಟವಾಗಿದ್ದ ಕಾಲವದು. ಮೇಲಧಿಕಾರಿಗಳ ತಪ್ಪನ್ನು ತಿಳಿಸುವದು ಕರ್ತವ್ಯವೆಂದು ಉಪದೇಶ ಮಾಡುವವರು ಬಹಳ ಮಂದಿ. ಕರ್ತವ್ಯವೆಂದು ಹೇಳಿದ ಬಾಯಿಯೇ ಅದರ ಖರ್ಚನ್ನೂ ಹೊರುವದಾಗಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ನಮ್ಮ ದೇಶಕ್ಕೆ ಬರೋಣ. ಇಂಥವರನ್ನು ಕಾಪಾಡುವ ಕಾಯಿದೆಯ ಕರಡು ಪ್ರತಿಯನ್ನು ಭಾರತದ ಕಾನೂನು ಆಯೋಗವು ತನ್ನ 179ನೆಯ ವರದಿಯಲ್ಲಿ 2001ನೆಯ ಡಿಸೆಂಬರಿನಲ್ಲಿಯೇ ಬರೆದು ಸರಕಾರಕ್ಕೆ ಒಪ್ಪಿಸಿತ್ತು. ದುಬೆಯವರು ತಮ್ಮ ಪತ್ರವನ್ನು ಬರೆಯುವದಕ್ಕೆ ಸುಮಾರು ಒಂದು ವರುಷದ ಮುಂಚೆ! ಔಷಧವು ಕಪಾಟಿನಲ್ಲಿತ್ತು, ರೋಗಿಯು ಹೊರಗೆ ನರಳುತ್ತಿದ್ದನು. ದುಬೆಯವರು ಸತ್ತ ಬಳಿಕ ದೇಶವೆಲ್ಲಾ ಕೂಗೆದ್ದು, ಸಂಗತಿಯು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಸರಕಾರವು 2004ನೆಯ ಏಪ್ರಿಲಿನಲ್ಲಿ ಒಂದು ಠರಾವನ್ನು ಹೊರಡಿಸಿತು. ಅದರಂತೆ, ದೂರು ಕೊಡುವವನು ತನ್ನ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ ತನ್ನ ಹೆಸರನ್ನು ಬರೆಯದೆ, ದಿಲ್ಲಿಯ ಕೇಂದ್ರ ವಿಚಕ್ಷಣಾ ಆಯೋಗಕ್ಕೆ ಕಳುಹಿಸಬಹುದು. ಒಳಗೆ ಹೆಸರಿರಬೇಕು; ಹೆಸರಿಲ್ಲದ್ದನ್ನು ಅವರು ವಿಚಾರಿಸುವದಿಲ್ಲ. ಒಳಗಿನ ಹೆಸರನ್ನು ಆಯೋಗವು ಗುಪ್ತವಾಗಿಡತಕ್ಕದ್ದು.

ಇದು ಒಳ್ಳೆಯದಾಯಿತು. ಆದರೆ ಹಳ್ಳಿಯ ವಾಚಕರು ಒಂದನ್ನು ಗಮನಿಸಬೇಕು. ಈ ಠರಾವು ಕೇಂದ್ರ ಸರಕಾರದ ನೌಕರರಿಗೂ ಕೇಂದ್ರದ ಸಂಸ್ಥೆಗಳಿಗೂ ಸಂಬಂಧಪಟ್ಟದ್ದು. ರಾಜ್ಯ ಸರಕಾರಗಳ ನೌಕರರೂ ಕೆಲಸಗಳೂ ಅದರ ಹೊರಗಿವೆ. ನಿಮಗೂ ನನಗೂ ದಿನಾಲು ಎದುರಾಗುವವರು ಯಾರು? ನ್ಯಾಯಬೆಲೆ ಅಂಗಡಿಯವನು, ಪಂಚಾಯತಿಯ ಅಧಿಕಾರಿ, ತಾಲೂಕು ಕಚೇರಿಯವರು, ಸರಕಾರೀ ಆಸ್ಪತ್ರೆಯ ಔಷಧದ ಕೋಣೆಯವನು. ಕೂಲಿಯ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರು ಬರುವದೂ, ಮೂಟೆಯ ತೂಕ ಕಡಿಮೆಯಾಗುವದೂ ಈ ಕಟ್ಟೆಗಳಲ್ಲಿಯೇ. ದಿಲ್ಲಿಯ ಲಕೋಟೆಯು ಇಲ್ಲಿಗೆ ನಿಲುಕದು.

ಇದಕ್ಕಾಗಿಯೇ ಪೂರ್ಣವಾದ ಕಾಯಿದೆಯು ಬೇಕಾಗಿತ್ತು. ಮಸೂದೆಯು 2010ರಲ್ಲಿ ಲೋಕಸಭೆಯ ಮುಂದೆ ಬಂತು. 2011ನೆಯ ಡಿಸೆಂಬರಿನಲ್ಲಿ ಅಲ್ಲಿ ಒಪ್ಪಿಗೆಯಾಯಿತು. ರಾಜ್ಯಸಭೆಯು 2014ನೆಯ ಫೆಬ್ರವರಿಯಲ್ಲಿ ಒಪ್ಪಿತು. ಅದೇ ವರುಷ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಈ ಕಾಯಿದೆಯು ರಾಜ್ಯಗಳ ನೌಕರರನ್ನೂ ಒಳಗೊಳ್ಳುವದು. ನೌಕರರು ಮಾತ್ರವಲ್ಲದೆ ಯಾವ ಮನುಷ್ಯನಾದರೂ ದೂರು ಕೊಡಬಹುದು. ಹೆಸರನ್ನು ಬಯಲುಮಾಡಿದವನಿಗೆ ಮೂರು ವರುಷಗಳ ತನಕ ಸೆರೆಯೂ 50,000 ರೂಪಾಯಿಗಳ ತನಕ ದಂಡವೂ ಉಂಟು. ಇಡುಗಂಟನ್ನು ಚಾವಡಿಯಲ್ಲಿಟ್ಟವನಿಗೆ ಶಿಕ್ಷೆಯಾಗಬೇಕೆಂಬದನ್ನು ಕಾಯಿದೆಯು ಹೀಗೆ ಒಪ್ಪಿಕೊಂಡಿತು.

ಗುಂಡಿನ ಏಟು ಅಪರೂಪ. ಅದು ವರ್ತಮಾನಪತ್ರದಲ್ಲಿ ಬರುವದು. ವರ್ತಮಾನಪತ್ರದಲ್ಲಿ ಬಾರದ ಏಟುಗಳೇ ಹೆಚ್ಚು. ದೂರು ಕೊಟ್ಟವನಿಗೆ ಮೂರು ತಿಂಗಳೊಳಗೆ ದೂರದ ಊರಿಗೆ ವರ್ಗವಾಗುವದು. ಮಕ್ಕಳ ಶಾಲೆ ನಡುವೆ ನಿಲ್ಲುವದು. ಹಳೆಯ ಲೆಕ್ಕದಲ್ಲಿ ನಾಲ್ಕು ರೂಪಾಯಿ ಹೆಚ್ಚುಕಡಿಮೆಯಾಗಿದೆಯೆಂದು ಅವನ ಮೇಲೆಯೇ ವಿಚಾರಣೆ ಏಳುವದು. ಬಡ್ತಿಯ ಪಟ್ಟಿಯಲ್ಲಿ ಹೆಸರು ಕಾಣದೆ ಹೋಗುವದು. ಏನೂ ಆಗದಿದ್ದರೂ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಪಕ್ಕದಲ್ಲಿ ಯಾರೂ ಕೂತುಕೊಳ್ಳರು. ಇವುಗಳಲ್ಲಿ ಪ್ರತಿಯೊಂದಕ್ಕೂ ಕಚೇರಿಯಲ್ಲಿ ಒಂದು ನೆವ ಸಿದ್ಧವಾಗಿರುವದು. ವರ್ಗವು ಆಡಳಿತದ ಅನುಕೂಲಕ್ಕಾಗಿ ಎನ್ನುವರು. ಇದು ಸೇಡಿನ ಕೃತ್ಯವೆಂದು ಆ ಬಡ ಗುಮಾಸ್ತನು ರುಜುಪಡಿಸುವದು ಹೇಗೆ? ಕಡತಗಳೆಲ್ಲಾ ಅವರ ಕೈಯಲ್ಲಿವೆ. 2014ರ ಕಾಯಿದೆಯಲ್ಲಿ ಈ ವಿಷಯಕ್ಕೆ ಒಂದು ಬಹು ನ್ಯಾಯವಾದ ಏರ್ಪಾಡುಂಟು: ಇದು ಸೇಡಲ್ಲವೆಂದು ರುಜುಪಡಿಸುವ ಭಾರವು ಕಚೇರಿಯ ಮೇಲೆಯೇ ಇರುವದು. ಕಾಗದ ಯಾರ ಕೈಯಲ್ಲಿರುವದೋ ಅವನೇ ತೋರಿಸಲಿ ಎಂಬದು ಎಷ್ಟು ಸರಳವಾದ ನ್ಯಾಯ! ಆದರೂ ಕಿರುಕುಳವೆಂದರೆ ಏನೇನು ಎಂಬದನ್ನು ಕಾಯಿದೆಯು ಬಿಡಿಸಿ ಹೇಳಲಿಲ್ಲವೆಂಬದು ಅದರ ಒಂದು ಕೊರತೆ. ಬುತ್ತಿಯ ಪಕ್ಕದ ಜಾಗವನ್ನು ಯಾವ ಕಾಯಿದೆಯೂ ತುಂಬಿಸಲಾರದೆಂಬದು ನಿಜ. ವರ್ಗವನ್ನು ತಡೆಯುವದಂತೂ ಕಾಯಿದೆಯ ಶಕ್ತಿಯೊಳಗಿನದು.

ಏಳು ವರುಷಗಳಿಗಿಂತ ಹಿಂದಿನ ಕೃತ್ಯದ ಮೇಲೆ ದೂರು ಸಲ್ಲದೆಂದೂ ಅದರಲ್ಲಿ ಬರೆದಿದೆ. ಅಕ್ಕಿಯ ಕಳವಿಗೆ ಏಳು ವರುಷ ಸಾಕಾದೀತು. ಆದರೆ ಸಿಮೆಂಟು ಕದ್ದ ಸೇತುವೆಯು ಏಳು ವರುಷಕ್ಕೆ ಸರಿಯಾಗಿ ಬೀಳುವೆನೆಂದು ಯಾರಿಗೂ ಮಾತು ಕೊಟ್ಟಿಲ್ಲ.

ಇಷ್ಟು ರಕ್ಷಣೆ ಕೊಟ್ಟರೆ ಸುಳ್ಳುಗಾರರಿಗೆ ಹಬ್ಬವಾಗುವದಲ್ಲಾ ಎಂಬ ಭಯವು ಅನೇಕ ಒಳ್ಳೆಯ ಅಧಿಕಾರಿಗಳಲ್ಲಿಯೂ ಉಂಟು. ನಾನು ಈ ಭಯವನ್ನು ತಳ್ಳಿಬಿಡುವದಿಲ್ಲ. ಒಬ್ಬ ಯಥಾರ್ಥನಾದ ಉದ್ಯೋಗಸ್ಥನ ಮೇಲೆ ಹೊರಿಸಿದ ಸುಳ್ಳು ದೂರು ಅವನ ಮನೆಯನ್ನೆಲ್ಲಾ ಸುಡುತ್ತದೆ. ಹಳ್ಳಿಯ ಕಕ್ಷಿಗಳು ದೂರರ್ಜಿಗಳಿಂದ ಹೇಗೆ ಕಾದಾಡುತ್ತಾರೆಂಬದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಇದಕ್ಕೆ ಮದ್ದು ಯಾವದು? ಹೆಸರಿಲ್ಲದ ಅರ್ಜಿಯಲ್ಲಿಯೇ ಸುಳ್ಳು ಸುಲಭ. ಹೆಸರು ಕೊಟ್ಟವನು ತನ್ನ ಮಾತಿಗೆ ತಾನೇ ಹೊಣೆಯಾಗುತ್ತಾನೆ. ಸುಳ್ಳೆಂದು ತಿಳಿದೂ ದುರುದ್ದೇಶದಿಂದ ದೂರು ಕೊಟ್ಟವನಿಗೆ ಎರಡು ವರುಷಗಳ ತನಕ ಸೆರೆಯನ್ನೂ 30,000 ರೂಪಾಯಿಗಳ ತನಕ ದಂಡವನ್ನೂ ಈ ಕಾಯಿದೆಯೇ ನೇಮಿಸಿದೆ. ತಿಳಿದೂ ಎಂಬ ಮಾತನ್ನು ಗಮನಿಸಿರಿ. ಒಳ್ಳೆಯ ಮನಸ್ಸಿನಿಂದ ತಿಳಿಸಿ, ವಿಚಾರಣೆಯಲ್ಲಿ ಅದು ಹಾಗಲ್ಲವೆಂದು ಕಂಡುಬಂದರೆ, ತಿಳಿಸಿದವನು ಶಿಕ್ಷಾರ್ಹನಲ್ಲ. ಹೊಗೆಯನ್ನು ಕಂಡು ಕೂಗಿದ ತಳವಾರನನ್ನು, ಅದು ಬರೇ ಒಲೆಯ ಹೊಗೆಯಾಗಿತ್ತೆಂದು ದಂಡಿಸಿದರೆ ಮುಂದಿನ ಸಾರಿ ನಿಜವಾದ ಬೆಂಕಿಗೂ ಅವನು ಕೂಗನು. ಹೀಗೆ ಹೆಸರು ಕೇಳುವದರಿಂದ ಸುಳ್ಳಿಗೆ ತಡೆಯಾಗುವದು, ಹೆಸರು ಕಾಯುವದರಿಂದ ನಿಜಕ್ಕೆ ಧೈರ್ಯವಾಗುವದು. ಮೊದಲಿನದನ್ನು ಮಾಡಿ ಎರಡನೆಯದನ್ನು ಬಿಟ್ಟವರೇ ಈ ತನಕ ಹೆಚ್ಚು.

ದೇಶದ ಭದ್ರತೆಯ ಗುಟ್ಟುಗಳು ಹೊರಬಿದ್ದರೆ ಏನು ಗತಿಯೆಂಬದು ಇನ್ನೊಂದು ಆಕ್ಷೇಪ. ಇದೇ ಕಾರಣವನ್ನು ಹೇಳಿ, ಕಾಯಿದೆಯು ಜಾರಿಗೆ ಬರುವ ಮೊದಲೇ ಅದನ್ನು ತಿದ್ದುವದಕ್ಕೆ 2015ರಲ್ಲಿ ಒಂದು ಮಸೂದೆಯು ಬಂತು. ಹತ್ತು ಬಗೆಯ ಸಂಗತಿಗಳ ವಿಷಯವಾಗಿ ಯಾರೂ ದೂರು ಕೊಡಬಾರದೆಂಬದು ಅದರ ಸಾರ. ಲೋಕಸಭೆಯು ಅದನ್ನು ಒಪ್ಪಿತು. ರಾಜ್ಯಸಭೆಯಲ್ಲಿ ಅದು ನಿಂತುಹೋಗಿ, 2019ರಲ್ಲಿ ಆ ಲೋಕಸಭೆಯು ಮುಗಿದಾಗ ತಾನೂ ಬಿದ್ದುಹೋಯಿತು. ಸೈನ್ಯದ ಗುಟ್ಟು ಕಾಪಾಡತಕ್ಕದ್ದೇ, ಅದರಲ್ಲಿ ವಾದವಿಲ್ಲ. ಆದರೆ ಈ ಕಾಯಿದೆಯು ಯಾರನ್ನೂ ವರ್ತಮಾನಪತ್ರಕ್ಕೆ ಬರೆಯಲು ಕರೆಯುವದಿಲ್ಲ. ಗೊತ್ತುಮಾಡಿದ ಒಬ್ಬ ಅಧಿಕಾರಿಗೆ ಗುಪ್ತವಾಗಿ ತಿಳಿಸೆನ್ನುತ್ತದೆ. ಸಿಪಾಯಿಯ ಬೂಟಿನಲ್ಲಿ ಕಾಗದದ ಅಟ್ಟೆ ಹಾಕಿದ್ದಾರೆಂದು ಒಬ್ಬನು ಸರಕಾರದ ಕಿವಿಯಲ್ಲಿಯೇ ಹೇಳಿದರೆ ಶತ್ರುವಿಗೆ ಏನು ಲಾಭ? ಆ ಸಂಗತಿಯು ಹೇಳದೆ ಉಳಿದರೆ ಲಾಭ ಹೊಂದುವವನು ಶತ್ರುವೇ, ಮತ್ತು ಬೂಟಿನ ಗುತ್ತಿಗೆದಾರನು.

ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳುವವರಿಗಾಗಿ 2018ರಲ್ಲಿ ಸುಪ್ರೀಂ ಕೋರ್ಟು ಒಂದು ರಕ್ಷಣೆಯ ಯೋಜನೆಯನ್ನು ಒಪ್ಪಿ, ಅದನ್ನು ದೇಶದಲ್ಲೆಲ್ಲಾ ಕಾನೂನಿನಂತೆ ನಡಿಸಬೇಕೆಂದು ಅಪ್ಪಣೆ ಮಾಡಿತು. ಆದರೆ ಅದು ಕ್ರಿಮಿನಲ್ ಮೊಕದ್ದಮೆಯ ಸಾಕ್ಷಿಗಳಿಗೆ. ನಮ್ಮ ಗುಮಾಸ್ತನು ಸಾಕ್ಷಿಯಾಗಬೇಕಾದರೆ ಮೊದಲು ಮೊಕದ್ದಮೆಯಾಗಬೇಕು. ಮೊಕದ್ದಮೆಯಾಗಬೇಕಾದರೆ ಅವನು ಬಾಯಿ ಬಿಡಬೇಕು. ಬಾಯಿ ಬಿಟ್ಟ ದಿವಸಕ್ಕೂ ಮೊಕದ್ದಮೆಯ ದಿವಸಕ್ಕೂ ನಡುವೆ ಇರುವ ಕಾಲವೇ ಅವನಿಗೆ ಅಪಾಯದ ಕಾಲ.

ಹಾಗಾದರೆ 2014ರ ಕಾಯಿದೆಯು ಈಗ ಎಲ್ಲಿದೆ? ವಾಚಕರಲ್ಲಿ ಕೆಲವರಿಗಾದರೂ ಇದು ಆಶ್ಚರ್ಯವಾಗಿ ತೋರೀತು. ಒಂದು ಕಾಯಿದೆಯು ಎರಡು ಸಭೆಗಳಲ್ಲಿ ಒಪ್ಪಿಗೆಯಾಗಿ, ಅಂಕಿತ ಹೊಂದಿ, ಅಚ್ಚಾಗಿ ಬಂದರೆ ಅದು ನಡೆಯುತ್ತಿದೆಯೆಂದೇ ನಾವು ಎಣಿಸುತ್ತೇವೆ. ಆದರೆ ಅದರ ಮೊದಲನೆಯ ಕಲಮಿನಲ್ಲಿ, ಕೇಂದ್ರ ಸರಕಾರವು ರಾಜ್ಯಪತ್ರದಲ್ಲಿ ಯಾವ ತಾರೀಖನ್ನು ಗೊತ್ತುಮಾಡುವದೋ ಆ ತಾರೀಖಿನಿಂದ ಇದು ಜಾರಿಗೆ ಬರುವದೆಂದು ಬರೆದಿದೆ. ಅಂಕಿತ ಬಿದ್ದು ಹತ್ತು ವರುಷ ತುಂಬಿದ 2024ರಲ್ಲಿಯೂ ಆ ತಾರೀಖು ಗೊತ್ತಾಗಿರಲಿಲ್ಲ. ಆ ತನಕ ಯಾವ ಪಂಚಾಯತಿಯ ಗುಮಾಸ್ತನೂ ಅದರ ಒಂದು ಅಕ್ಷರದ ಆಶ್ರಯವನ್ನೂ ಬೇಡುವ ಹಾಗಿರಲಿಲ್ಲ. ತಾರೀಖನ್ನು ಗೊತ್ತುಮಾಡುವದಕ್ಕೆ ಲೋಕಸಭೆಯು ಮತ್ತೆ ಕೂಡಬೇಕಾಗಿಲ್ಲ, ಹೊಸ ಮಸೂದೆಯೂ ಬೇಡ. ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಸಾಕು. ನಿಮ್ಮ ಕ್ಷೇತ್ರದಿಂದ ಲೋಕಸಭೆಗೆ ಹೋದವರು ಚುನಾವಣೆಯ ಕಾಲದಲ್ಲಾದರೂ ನಿಮ್ಮ ಊರಿಗೆ ಬರುತ್ತಾರಲ್ಲವೇ? ರಸ್ತೆಯನ್ನೂ ಕೊಳವೆಬಾವಿಯನ್ನೂ ಕೇಳುವಾಗ ಈ ತಾರೀಖನ್ನೂ ಅವರಲ್ಲಿ ಕೇಳಿರಿ.